ವಿಎಚ್-ಒಕ್ಯೂಎ: 2010ರಲ್ಲಿ ಎಂಜಿನ್ ಸಿಡಿದ ಕ್ವಾಂಟಾಸ್ ಎ380 ಇದೇನಾ?

ಬಾಲದ ನಂಬರು:
ಲಾಸ್ ಏಂಜಲೀಸ್‌ನಲ್ಲಿ ಇಳಿಯುತ್ತಿದ್ದ ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ ಎ380ರ (ಏರ್‌ಬಸ್‌ನ ಎರಡಂತಸ್ತಿನ ವಿಮಾನ) ಫೋಟೊ ಇದು. ಹಿಂಭಾಗದಲ್ಲಿ ವಿಎಚ್-ಒಕ್ಯೂಎ ಎಂಬ ನೋಂದಣಿ ನಂಬರು, ಮೂತಿಯ ಹತ್ತಿರ ನ್ಯಾನ್ಸಿ-ಬರ್ಡ್ ವಾಲ್ಟನ್ ಎಂಬ ಹೆಸರು ಸ್ಪಷ್ಟವಾಗಿ ಕಾಣುತ್ತೆ. ಸಿಂಗಪುರದಿಂದ ಮೇಲೇರಿದ ಕೂಡಲೇ ಎಂಜಿನ್ ಸಿಡಿದದ್ದು ಇದೇ ವಿಮಾನವಾ? ಅಥವಾ ಅದನ್ನು ಗುಜರಿಗೆ ಹಾಕಿ ನಂಬರನ್ನು ಬೇರೆಯದಕ್ಕೆ ಕೊಟ್ಟರಾ? ಇದೇ ಆದರೆ ಏನೇನು ಬದಲಾಯಿಸಿದರು? ಇನ್ನೊಂದು, ವಿಮಾನಗಳ ಸಿಗ್ನಲ್ ಹಿಡಿಯುವ ರಿಸೀವರಿನಲ್ಲಿ ಇದೊಂದಕ್ಕೇ ಅಲರ್ಟ್ ಇಡಬೇಕು. ಆ ಸಿಗ್ನಲ್‌ನಲ್ಲಿ ವಿಮಾನವನ್ನು ಗುರುತಿಸುವ ಇದರ ಹೆಕ್ಸ್ ಕೋಡ್ ಯಾವುದು?

ಏಪ್ರನ್ ಕಟ್ಟೆ:
ಅದೇ ವಿಮಾನ ಸರ್, ನಂಬರೂ ಅದೇ. ತಯಾರಿಕಾ ಸಂಖ್ಯೆ 014, ಮಾದರಿ ಎ380-842. ಕ್ವಾಂಟಾಸ್‌ನ ಮೊದಲ ಎ380. 2008ರ ಸೆಪ್ಟೆಂಬರ್‌ನಲ್ಲಿ ಕೈಗೆ ಬಂತು, ಅಕ್ಟೋಬರ್ 20ರಂದು ಕಂಪನಿಯ ಎ380 ಸೇವೆ ಮೆಲ್ಬರ್ನ್–ಲಾಸ್ ಏಂಜಲೀಸ್ ಮಾರ್ಗದಲ್ಲಿ ಶುರುವಾಯಿತು. ಹೆಸರು ಆಸ್ಟ್ರೇಲಿಯಾದ ಹಿರಿಯ ಪೈಲಟ್ ನ್ಯಾನ್ಸಿ-ಬರ್ಡ್ ವಾಲ್ಟನ್ ಅವರದ್ದು. ಹೆಸರಿಟ್ಟಾಗ ಅವರಿನ್ನೂ ಬದುಕಿದ್ದರು, 2009ರ ಜನವರಿಯಲ್ಲಿ ತೀರಿಕೊಂಡರು.

2010ರ ನವೆಂಬರ್ 4ರಂದು ಕ್ಯೂಎಫ್32 ಎಂಬ ಫ್ಲೈಟ್ ಆಗಿ ಸಿಂಗಪುರದ ಚಾಂಗಿ ನಿಲ್ದಾಣದಿಂದ ಸಿಡ್ನಿಗೆ ಹೊರಟಿತ್ತು. ಒಳಗೆ 469 ಜನ. ಸುಮಾರು 7,000 ಅಡಿಯಲ್ಲಿ ಎರಡನೇ ಎಂಜಿನ್ ಸಿಡಿದು ಚೂರುಗಳು ಬಟಾಮ್ ದ್ವೀಪದ ಮೇಲೆ ಬಿದ್ದವು. ಎರಡು ಗಂಟೆಗೆ ತುಸು ಕಡಿಮೆ ಹೊತ್ತಿನಲ್ಲಿ ಮತ್ತೆ ಚಾಂಗಿಯಲ್ಲೇ ಇಳಿಸಿದರು. ಒಬ್ಬರಿಗೂ ಗಾಯವಾಗಲಿಲ್ಲ. ರಿಪೇರಿ ಆಗಿ ಸಿಡ್ನಿಗೆ ಮರಳಿದ್ದು 2012ರ ಏಪ್ರಿಲ್ 22ಕ್ಕೆ. ಹಾಗಾಗಿ ನಿಮ್ಮ ಫೋಟೊದ ತಾರೀಖು ನೋಡಿ: 2010ರ ನವೆಂಬರ್‌ನಿಂದ ಆ ದಿನದವರೆಗೆ ಇದು ಲಾಸ್ ಏಂಜಲೀಸ್‌ನಲ್ಲಿ ಕಾಣುವ ಪ್ರಶ್ನೆಯೇ ಇಲ್ಲ.

ಟಾರ್ಕ್ ರೆಂಚ್:
ಸಿಡಿದದ್ದು ಯಾಕೆ ಅಂತ ಗೊತ್ತಾದರೆ ರಿಪೇರಿ ಯಾಕೆ ಅಷ್ಟು ದಿನ ಹಿಡಿಯಿತು ಅನ್ನೋದು ಅರ್ಥವಾಗುತ್ತೆ. ಟ್ರೆಂಟ್ 972 ಎಂಜಿನ್ನಿನಲ್ಲಿ ಟರ್ಬೈನ್ ಬೇರಿಂಗ್‌ಗೆ ಆಯಿಲ್ ಒಯ್ಯುವ ಒಂದು ಗಿಡ್ಡ ಪೈಪ್ ಇದೆ. ಅದರ ಬಾಯನ್ನು ಒಳಗಿನಿಂದ ಅಗಲಿಸಿ ಕೊರೆಯುವಾಗ ಮಧ್ಯಬಿಂದು ತಪ್ಪಿತ್ತು. ಹಾಗಾಗಿ ಪೈಪಿನ ಒಂದು ಮಗ್ಗುಲು ದಪ್ಪ, ಇನ್ನೊಂದು ಮಗ್ಗುಲು ತೆಳು. ತೆಳುವಾದ ಕಡೆ ಪದೇ ಪದೇ ಬಿದ್ದ ಒತ್ತಡಕ್ಕೆ ದಣಿವಿನ ಬಿರುಕು ಬಿಟ್ಟು ಆಯಿಲ್ ಸೋರಿತು, ಒಳಗಿನ ಕಾವಿಗೆ ಹೊತ್ತಿಕೊಂಡಿತು. ಆ ಬೆಂಕಿಯಲ್ಲಿ ಮಧ್ಯಮ ಒತ್ತಡದ ಟರ್ಬೈನ್ ಡಿಸ್ಕ್ ಶಾಫ್ಟ್‌ನಿಂದ ಕಳಚಿಕೊಂಡಿತು. ಕಳಚಿದ ಡಿಸ್ಕ್‌ಗೆ ಲೋಡ್ ಇಲ್ಲ, ಬಿಸಿ ಗಾಳಿ ಮಾತ್ರ ತಳ್ಳುತ್ತಲೇ ಇದೆ. ವೇಗ ಮಿತಿ ಮೀರಿ ಒಡೆಯಿತು. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಮಂಡಳಿಯ ಅಂತಿಮ ವರದಿ 2013ರ ಜೂನ್‌ನಲ್ಲಿ ಹೊರಬಂತು, ಅದರಲ್ಲಿ ಈ ಪೈಪಿನ ಅಡ್ಡಸೀಳಿಕೆಯ ಚಿತ್ರಗಳಿವೆ. ತಪ್ಪದೆ ನೋಡಿ.

ಒಂದು ಚೂರು ಎಡ ರೆಕ್ಕೆಯನ್ನು ಕೆಳಗಿನಿಂದ ತೂರಿ ಮೇಲಿನ ಹೊದಿಕೆಯಲ್ಲಿ ಹೊರಬಂತು. ಇನ್ನೊಂದು ಹೊಟ್ಟೆಯ ಹತ್ತಿರದ ಫೇರಿಂಗ್ (ಹೊರಗಿನ ಹೊದಿಕೆ) ಸೀಳಿ ವೈರಿನ ಕಟ್ಟುಗಳನ್ನು ಕತ್ತರಿಸಿತು. ಇಳಿದ ಮೇಲೂ ಒಂದನೇ ಎಂಜಿನ್ ಸುಮಾರು ಮೂರು ಗಂಟೆ ಆಫ್ ಆಗದೇ ಓಡುತ್ತಲೇ ಇದ್ದದ್ದು ಇದೇ ಕಾರಣಕ್ಕೆ. ಕೊನೆಗೆ ಅಗ್ನಿಶಾಮಕದವರು ಅದರ ಬಾಯಿಗೆ ನೀರು, ನೊರೆ ಹೊಡೆದು ನಿಲ್ಲಿಸಿದರು.

ರಿಪೇರಿಯಲ್ಲಿ ನಾಲ್ಕೂ ಎಂಜಿನ್ ಹೊಸವು. ಎಡ ರೆಕ್ಕೆಯನ್ನು ಸರಿಪಡಿಸಿದರು, ಸುಮಾರು 6 ಕಿ.ಮೀ. ವೈರಿಂಗ್ ಬದಲಾಯಿಸಿದರು, ಆಮೇಲೆ ಎರಡು ಪರೀಕ್ಷಾ ಹಾರಾಟ. ಅಂದಾಜು ಖರ್ಚು 13.9 ಕೋಟಿ ಆಸ್ಟ್ರೇಲಿಯನ್ ಡಾಲರ್. ಇಷ್ಟೆಲ್ಲ ಆದ ಮೇಲೆ ವಿಮಾನದ ತೂಕ ಹೆಚ್ಚಿದ್ದು 94 ಕೆ.ಜಿ. ಮಾತ್ರ! ಆ ಕೆಲಸದ ಅಚ್ಚುಕಟ್ಟಿಗೆ ಇದಕ್ಕಿಂತ ಸಾಕ್ಷಿ ಬೇಡ.

ಬಾಲದ ನಂಬರು:
ಧನ್ಯವಾದ ಸರ್. ಹಾಗಾದರೆ ನೋಡಿದ ವಿಮಾನಗಳನ್ನು ಬರೆದಿಡುವ ಲಾಗ್‌ನಲ್ಲಿ ಇದನ್ನು ಒಂದೇ ಎಂಟ್ರಿ ಮಾಡಬೇಕಾ, ರಿಪೇರಿಗೆ ಮುಂಚೆ–ಆಮೇಲೆ ಅಂತ ಎರಡಾ?

ಏಪ್ರನ್ ಕಟ್ಟೆ:
ಒಂದೇ. ಲಾಗ್ ಹೋಗೋದು ತಯಾರಿಕಾ ಸಂಖ್ಯೆಯ ಮೇಲೆ. ಎಂಜಿನ್‌ಗಳು ಯಾವ ವಿಮಾನದಲ್ಲೂ ಕಾಯಂ ಅಲ್ಲ, ಅವಕ್ಕೆ ತಮ್ಮದೇ ಸೀರಿಯಲ್ ನಂಬರು, ತಮ್ಮದೇ ಲಾಗ್ ಪುಸ್ತಕ.

ಟಾರ್ಕ್ ರೆಂಚ್:
014ರ ಚರಿತ್ರೆಯಲ್ಲಿ ಎಂಜಿನ್ ಕತೆಯೊಂದನ್ನೇ ಬರೆದು ಬಿಡಬೇಡಿ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ವಿಷಯ ಆಮೇಲೆ ಬಂತು. ಈ ರಿಪೇರಿ ನಡೆಯುವಾಗಲೇ ರೆಕ್ಕೆಯೊಳಗಿನ ರಿಬ್ ಫೀಟ್‌ಗಳಲ್ಲಿ ಕೂದಲೆಳೆ ಬಿರುಕುಗಳು ಸಿಕ್ಕವು. ರಿಬ್ ಫೀಟ್ ಅಂದರೆ ರೆಕ್ಕೆಯ ಹೊದಿಕೆಯನ್ನು ಒಳಗಿನ ಪಕ್ಕೆಲುಬಿಗೆ ಹಿಡಿದಿಡುವ ಎಲ್ ಆಕಾರದ ತುಂಡುಗಳು. ಒಂದು ಎ380ರಲ್ಲಿ ಸುಮಾರು 4,000 ಇರುತ್ತವೆ. ಸಿಡಿತಕ್ಕೂ ಈ ಬಿರುಕಿಗೂ ಸಂಬಂಧವೇ ಇರಲಿಲ್ಲ, ಬೇರೆ ಎ380ಗಳಲ್ಲೂ ಸಿಕ್ಕಿತು. 7449 ಅಲ್ಯೂಮಿನಿಯಂ ಮಿಶ್ರಲೋಹ ಆ ಜಾಗಕ್ಕೆ ಒಗ್ಗಲಿಲ್ಲ. ಜೋಡಿಸುವಾಗ ಬಿಗಿದ ಒತ್ತಡ ಒಂದು ಕಡೆ, ಎತ್ತರದ ಕೊರೆವ ಚಳಿ ಇನ್ನೊಂದು ಕಡೆ. 2012ರ ಜನವರಿಯಲ್ಲಿ ಹೆಚ್ಚು ಹಾರಿದ ವಿಮಾನಗಳಿಗೆ, ಫೆಬ್ರವರಿಯಲ್ಲಿ ಆಗ ಸೇವೆಯಲ್ಲಿದ್ದ 68ಕ್ಕೂ ತಪಾಸಣೆ ಕಡ್ಡಾಯವಾಯಿತು. ಒಂದು ವಿಮಾನದ ರೆಕ್ಕೆ ಬಿಚ್ಚಿದ್ದರಿಂದ ಎಲ್ಲ ಎ380ಗಳ ರೋಗ ತಿಳಿಯಿತು.

1090 ಮೆಗಾಹರ್ಟ್ಸ್:
ಹೆಕ್ಸ್ 7ಸಿ4920. ಆಸ್ಟ್ರೇಲಿಯಾದ್ದನ್ನು ಎಲ್ಲೂ ಹುಡುಕಬೇಕಿಲ್ಲ, ಲೆಕ್ಕ ಹಾಕಿದರೆ ಸಿಗುತ್ತೆ. ವಿಎಚ್ ಬಿಟ್ಟು ಉಳಿದ ಮೂರು ಅಕ್ಷರ ತಗೊಳ್ಳಿ. ಎ ಅಂದರೆ 0, ಬಿ ಅಂದರೆ 1, ಹೀಗೆ ಝಡ್‌ವರೆಗೆ 25. ಮೊದಲನೆಯದನ್ನು 1296ರಿಂದ, ಎರಡನೆಯದನ್ನು 36ರಿಂದ ಗುಣಿಸಿ, ಮೂರನೆಯದನ್ನು ಹಾಗೇ ಕೂಡಿಸಿ. ಒ 14, ಕ್ಯೂ 16, ಎ 0: 18144 + 576 + 0 = 18720. ಹೆಕ್ಸ್‌ಗೆ ಬದಲಿಸಿದರೆ 4920. ಅದನ್ನು 7ಸಿ0000ಕ್ಕೆ ಕೂಡಿಸಿ. ಈ ಲೆಕ್ಕ ಭಾರತದ ವಿಟಿ ನಂಬರುಗಳಿಗೆ ಹೊಂದಲ್ಲ, ಪ್ರಯತ್ನಿಸಬೇಡಿ.

ಬೆಂಗಳೂರಿನವರಾದರೆ ಒಂದು ಮಾತು: 2022ರ ಸೆಪ್ಟೆಂಬರ್‌ನಲ್ಲಿ ಶುರುವಾದ ಕ್ವಾಂಟಾಸ್‌ನ ಸಿಡ್ನಿ ಸೇವೆಗೆ ಬಂದದ್ದು ಎ330. ಕೆಂಪೇಗೌಡ ನಿಲ್ದಾಣಕ್ಕೆ ಅದೇ ವರ್ಷದ ಅಕ್ಟೋಬರ್‌ನಿಂದ ಬಂದ ಎ380 ಎಮಿರೇಟ್ಸ್‌ನದ್ದು. ಅಲರ್ಟ್ ಇಡುವಾಗ ಮಾದರಿಯ ಹೆಸರು ಹಾಕಿದರೆ ದಿನಾ ಅದೇ ಕೂಗುತ್ತೆ. ಹೆಕ್ಸ್ ಮಾತ್ರ ಹಾಕಿ.