‘ಮೂಳೆ ಸವೆತ’ ಒಂದೇ, ಕಾಯಿಲೆ ಎರಡು: ‘ಬೆಂಡುಮೂಳೆ’ ಆದೀತೇ?

ಬಳಗದವರಿಗೆ ನಮಸ್ಕಾರ. ಆಸ್ಟಿಯೋಪೊರೋಸಿಸ್ ಎಂಬ ಮೂಳೆರೋಗಕ್ಕೆ ಎಲ್ಲರಿಗೂ ತಿಳಿಯುವ ಕನ್ನಡ ಪದವೊಂದನ್ನು ಹುಡುಕುತ್ತಿದ್ದೇನೆ.

ಮೂರು ವರ್ಷದ ಹಿಂದೆ ನಮ್ಮ ಚಿಕ್ಕಮ್ಮನ ಮಂಡಿಯ ಎಕ್ಸ್‌ರೇ ನೋಡಿದವರು ‘ಮೂಳೆ ಸವೆದಿದೆ’ ಎಂದಿದ್ದರು. ಕಳೆದ ತಿಂಗಳು ತುಮಕೂರಿನಲ್ಲಿ ಸೊಂಟದ ಎಕ್ಸ್‌ರೇ ನೋಡಿದ ವೈದ್ಯರೂ ‘ಮೂಳೆ ಸವೆತ’ ಎಂದೇ ಹೇಳಿದರು. ಹಳೆಯ ಕಾಯಿಲೆಯೇ ಮೇಲಕ್ಕೆ ಹತ್ತಿತೆಂದುಕೊಂಡು ಚಿಕ್ಕಮ್ಮ ಹಳೆಯ ಎಣ್ಣೆಯ ಸೀಸೆಯನ್ನೇ ಹೊರತೆಗೆದರು.

ಆದರೆ ಇವು ಬೇರೆ ಬೇರೆ ಕಾಯಿಲೆ. ಮಂಡಿಯಲ್ಲಿ ಸವೆದದ್ದು ಮೂಳೆಯ ತುದಿಯ ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಮೂಳೆಗೆ ಹೊದಿಕೆಯಾಗಿರುವ ನುಣುಪು ಪದರ (ಕಾರ್ಟಿಲೇಜ್). ಎಕ್ಸ್‌ರೇಯಲ್ಲಿ ಕೀಲಿನ ಸಂದು ಕಿರಿದಾಗಿ ಕಾಣುತ್ತದೆ. ಸೊಂಟದ್ದು ಆಸ್ಟಿಯೋಪೊರೋಸಿಸ್. ಇಲ್ಲಿ ಮೂಳೆಯ ಹೊರ ಆಕಾರ ಹಾಗೆಯೇ ಇದ್ದು, ಒಳಗಿನ ಹೆಣಿಗೆ ತೆಳುವಾಗುತ್ತದೆ. ವೈದ್ಯರು ಫಿಲಂ ಅನ್ನು ಬೆಳಕಿಗೆ ಹಿಡಿದು ತೊಡೆಮೂಳೆಯ ಕತ್ತಿನ ಮೇಲೆ ಪೆನ್ನಿನ ತುದಿ ಆಡಿಸಿದರು. ಕಮಾನಿನಂತೆ ಬಾಗಿದ ಬಿಳಿ ಗೆರೆಗಳು, ಮನೆಯ ತೊಲೆ ಜಂತೆಗಳ ಹಾಗೆ ಭಾರ ಹೊರುವಂಥವು. ರೋಗ ಬಲಿತಂತೆ ಅವು ಒಂದೊಂದಾಗಿ ಮಾಸುತ್ತವೆ. ಈ ಗೆರೆಗಳನ್ನೇ ನೋಡಿ 1970ರಲ್ಲಿ ಮನಮೋಹನ್ ಸಿಂಗ್ (ಪ್ರಧಾನಿಯಾಗಿದ್ದವರಲ್ಲ, ವೈದ್ಯರು) ಮತ್ತು ಸಂಗಡಿಗರು ಆರು ದರ್ಜೆ ಗುರುತಿಸಿದರು. ಆದರೆ ಮೂಳೆಯ ಸುಮಾರು ಮೂರನೆಯ ಒಂದು ಪಾಲು ಕರಗುವ ತನಕ ಮಾಮೂಲಿ ಎಕ್ಸ್‌ರೇಯಲ್ಲಿ ಸುಳಿವು ಸಿಗುವುದು ಕಷ್ಟ. ಅದಕ್ಕೇ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ: ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಟಿ ಅಂಕ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಈ ರೋಗ.

ಈ ರೋಗಕ್ಕೆ ಬರಹದಲ್ಲಿ ‘ಅಸ್ಥಿರಂಧ್ರತೆ’ ಎಂಬ ಪದವಿದೆ. ಆಂಧ್ರದ ಗಡಿಯ ಪಾವಗಡದ ಗೆಳೆಯರೊಬ್ಬರು ಇದನ್ನು ‘ಅಸ್ಥಿರ ಆಂಧ್ರತೆ’ ಎಂದು ಓದಿ ನಕ್ಕರು. ‘ಗಟ್ಟಿತನ ಕಡಿಮೆ’ ಎನ್ನೋಣವೆಂದರೆ ಅದೇ ಪಾವಗಡದ ಫ್ಲೋರೈಡ್ ನೀರು ಅಡ್ಡ ಬರುತ್ತದೆ. ಫ್ಲೋರೋಸಿಸ್ (ಹೆಚ್ಚು ಫ್ಲೋರೈಡ್‌ನಿಂದ ಬರುವ ರೋಗ) ಆದ ಮೂಳೆ ಎಕ್ಸ್‌ರೇಯಲ್ಲಿ ಇನ್ನಷ್ಟು ಬೆಳ್ಳಗೆ, ದಟ್ಟವಾಗಿ ಕಂಡರೂ ಪೆಡಸಾಗಿ, ಬೇಗ ಮುರಿಯುವಂತಿರುತ್ತದೆ; ಅದರ ಗಟ್ಟಿತನವೂ ಕಡಿಮೆಯೇ. ದಟ್ಟ ಬೇರೆ, ಗಟ್ಟಿ ಬೇರೆ.

ಎಲ್ಲ ಕೇಳಿದ ಚಿಕ್ಕಮ್ಮ, “ಬೆಂಡಾಗಿದೆ ಎಂದಿದ್ದರೆ ಆಗಲೇ ತಿಳಿಯುತ್ತಿತ್ತು” ಎಂದರು. ನನಗೆ ಇದು ಹಿಡಿಸಿತು. ಬೆಂಡು ಹಗುರ, ಒಳಗೆಲ್ಲ ತೂತು, ಒತ್ತಿದರೆ ಮುರಿಯುತ್ತದೆ. ಸಿದ್ಧಗಂಗೆಯ ಜಾತ್ರೆಯಲ್ಲಿ ಬೆಂಡು ಬತ್ತಾಸು ತಿಂದವರಿಗೆ ವಿವರಿಸಬೇಕಿಲ್ಲ. ಒಂದೇ ತಕರಾರು: ಆರೋಗ್ಯವಂತ ಮೂಳೆಯ ತುದಿಯ ಒಳಭಾಗವೂ ಸ್ಪಂಜಿನಂತೆಯೇ ಇರುತ್ತದೆ. ಅದನ್ನು ಆಗ ಏನೆಂದು ಕರೆಯುವುದು?

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮೂಳೆಗೆ ‘ಬೆಂಡು’ ಎನ್ನುವ ರೂಢಿ ಇದೆಯೇ? ಅಥವಾ ‘ಟೊಳ್ಳು’ ಎನ್ನುತ್ತಾರೆಯೇ? ಕೇಳಿದವರು ದಯವಿಟ್ಟು ತಿಳಿಸಿ.