ಏಳು ವರ್ಷದ ಮಗುವಿನ ಹಲ್ಲು: ಯಾವುದಕ್ಕೆ ಈಗಲೇ ಚಿಕಿತ್ಸೆ, ಯಾವುದಕ್ಕೆ ಕಾಯಬೇಕು?

ಪ್ರಶ್ನೆ (ಮಂಡ್ಯದಿಂದ ಒಬ್ಬ ತಾಯಿ):
ನಮಸ್ಕಾರ ಮೇಡಂ. ನನ್ನ ಮಗಳಿಗೆ ಏಳೂವರೆ ವರ್ಷ. ಮೇಲಿನ ಎರಡು ಮುಂದಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಿವೆ. ಅವುಗಳಲ್ಲಿ ಬಲಗಡೆಯದು ಬಾಯಿ ಮುಚ್ಚಿದಾಗ ಕೆಳಗಿನ ಹಲ್ಲಿನ ಹಿಂದಕ್ಕೆ ಹೋಗಿ ಕೂರುತ್ತದೆ. ಎರಡು ಹಲ್ಲುಗಳ ನಡುವೆ ಸಂದಿಯೂ ಇದೆ. ಬೆಳೆಯುತ್ತಾ ತಾನಾಗಿಯೇ ಸರಿಹೋಗುತ್ತದೆ ಎನ್ನುತ್ತಾರೆ ನಮ್ಮ ಅತ್ತೆ. ಒಬ್ಬ ದಂತವೈದ್ಯರು ಹಾಲುಹಲ್ಲೆಲ್ಲ ಬಿದ್ದ ಮೇಲೆ, ಹನ್ನೆರಡು ವರ್ಷಕ್ಕೆ ಬನ್ನಿ ಎಂದರು. ಇನ್ನೊಬ್ಬರು ಈಗಲೇ ಪೂರ್ತಿ ಕ್ಲಿಪ್ಪು ಹಾಕಬೇಕೆಂದರು. ಸಂದಿಗೆ ಮನೆಯಲ್ಲೇ ಚಿಕ್ಕ ರಬ್ಬರ್ ಬ್ಯಾಂಡ್ ಹಾಕಿದರೆ ಸಾಕು ಎಂದು ಪರಿಚಯದವರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ (ವಕ್ರದಂತ ತಜ್ಞೆ, ಮೈಸೂರು):
ಎಲ್ಲಕ್ಕಿಂತ ಮೊದಲು ರಬ್ಬರ್ ಬ್ಯಾಂಡಿನ ವಿಚಾರ. ದಯವಿಟ್ಟು ಅದನ್ನು ಹಾಕಲೇಬೇಡಿ. ಹಲ್ಲು ಬೇರಿನ ಕಡೆಗೆ ಕಿರಿದಾಗುತ್ತಾ ಹೋಗುವುದರಿಂದ, ಸುತ್ತ ಬಿಗಿದ ಬ್ಯಾಂಡು ಮೆಲ್ಲಗೆ ಮೇಲಕ್ಕೆ ಜಾರಿ ಒಸಡಿನೊಳಗೆ ಸೇರಿಕೊಳ್ಳುತ್ತದೆ. ಕಳಚಿ ಬಿದ್ದಿರಬೇಕು ಎಂದು ಮನೆಯವರು ಸುಮ್ಮನಾಗುತ್ತಾರೆ. ಅದು ಒಳಗೇ ಇದ್ದು ಹಲ್ಲನ್ನು ಹಿಡಿದಿರುವ ಮೂಳೆಯನ್ನು ಹಾಳುಮಾಡುತ್ತಿರುತ್ತದೆ. ಹೀಗೆ ಯಾವ ಹುಳುಕೂ ಇಲ್ಲದ ಎರಡು ಹೊಸ ಹಲ್ಲುಗಳನ್ನು ಕಳೆದುಕೊಂಡ ಮಕ್ಕಳಿದ್ದಾರೆ.

ಇನ್ನು ನಿಮ್ಮ ಮಗಳ ಬಾಯಲ್ಲಿರುವುದು ಎರಡು ಬೇರೆ ಬೇರೆ ಸಂಗತಿಗಳು: ಒಂದು ಕಾಯಬಹುದಾದದ್ದು, ಇನ್ನೊಂದು ಕಾಯಬಾರದ್ದು. ನಿಮಗೆ ಸಿಕ್ಕ ಸಲಹೆಗಳು ಪರಸ್ಪರ ವಿರುದ್ಧವಾಗಿರುವುದು ಎರಡನ್ನೂ ಒಂದೇ ಎಂದು ನೋಡಿದ್ದರಿಂದ ಎಂದು ನನಗನ್ನಿಸುತ್ತದೆ.

ಸಂದಿ ಕಾಯಬಹುದಾದದ್ದು. ಮೇಲಿನ ಕೋರೆಹಲ್ಲುಗಳು ಹೊರಬರುವುದು ಸಾಮಾನ್ಯವಾಗಿ 11–12ನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವು ಮೂಳೆಯೊಳಗಿದ್ದು ಪಕ್ಕದ ಹಲ್ಲುಗಳ ಬೇರುಗಳನ್ನು ಒತ್ತುತ್ತಿರುವುದರಿಂದ ಮುಂದಿನ ಹಲ್ಲುಗಳು ಬೀಸಣಿಗೆಯಂತೆ ಹರಡಿಕೊಂಡು ಕಾಣುತ್ತವೆ. ಕೋರೆಹಲ್ಲು ಕೆಳಗಿಳಿದಂತೆ ಸಣ್ಣ ಸಂದಿ ಬಹಳಷ್ಟು ಮಕ್ಕಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಈ ವಿಷಯದಲ್ಲಿ ನಿಮ್ಮ ಅತ್ತೆಯವರ ಮಾತು ಸರಿ. ಸಂದಿ 2 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಮಾತ್ರ, ಮೇಲ್ದುಟಿಯನ್ನು ಒಸಡಿಗೆ ಸೇರಿಸುವ ತೆಳುವಾದ ಎಳೆ ದಪ್ಪವಾಗಿದೆಯೇ ಎಂದು ಬಾಯಿ ಪರೀಕ್ಷಿಸಿ, ಒಳಗೆ ಹೆಚ್ಚುವರಿ ಹಲ್ಲೊಂದು ಅಡಗಿದೆಯೇ ಎಂದು ಒಂದು ಎಕ್ಸ್‌ರೇ ತೆಗೆಸಿ ನೋಡುವುದು ಒಳ್ಳೆಯದು.

ಒಳಕ್ಕೆ ಕೂರುವ ಹಲ್ಲನ್ನು ಮಾತ್ರ ಹನ್ನೆರಡರವರೆಗೆ ಬಿಡಬಾರದು. ಮೇಲಿನ ಹಲ್ಲು ಕೆಳಗಿನದರ ಹಿಂದೆ ಸಿಕ್ಕಿಕೊಂಡ ಮೇಲೆ ಪ್ರತಿ ಸಲ ಬಾಯಿ ಮುಚ್ಚಿದಾಗಲೂ ಕೆಳಗಿನ ಹಲ್ಲನ್ನು ಮುಂದಕ್ಕೆ ನೂಕುತ್ತದೆ. ಕ್ರಮೇಣ ಆ ಕೆಳಹಲ್ಲಿನ ಮುಂಭಾಗದ ಒಸಡು ಕೆಳಗೆ ಸರಿಯುತ್ತದೆ, ಎರಡೂ ಹಲ್ಲುಗಳ ಅಂಚು ಸವೆಯುತ್ತದೆ. ಮನೆಯಲ್ಲೇ ಬೆಳಕಿನಲ್ಲಿ ನೋಡಿ: ಕೆಳಗಿನ ಮುಂದಿನ ಹಲ್ಲುಗಳಲ್ಲಿ ಒಂದು ಮಾತ್ರ ಪಕ್ಕದ್ದಕ್ಕಿಂತ ಉದ್ದವಾಗಿ ಕಾಣುತ್ತಿದ್ದರೆ ಅದು ಬೆಳೆದು ಉದ್ದವಾದದ್ದಲ್ಲ, ಒಸಡು ಸರಿದು ಹಾಗೆ ಕಾಣುತ್ತಿರುವುದು. ಆಮೇಲೆ ಮಗುವಿಗೆ ನಾಲಿಗೆಯ ತುದಿಯನ್ನು ಅಂಗುಳಿನ ಹಿಂಭಾಗಕ್ಕೆ ತಾಗಿಸಿಕೊಂಡು ಮೆಲ್ಲಗೆ ಬಾಯಿ ಮುಚ್ಚಲು ಹೇಳಿ. ಮೇಲಿನ ಮತ್ತು ಕೆಳಗಿನ ಹಲ್ಲುಗಳ ಅಂಚುಗಳು ಮೊದಲು ಒಂದಕ್ಕೊಂದು ತಾಗಿ, ಅನಂತರ ಕೆಳದವಡೆ ಮುಂದಕ್ಕೋ ಪಕ್ಕಕ್ಕೋ ಜಾರಿದರೆ, ಮಗು ದವಡೆಯನ್ನು ಸರಿಸಿಕೊಂಡು ಕಚ್ಚುವ ಅಭ್ಯಾಸ ಮಾಡಿಕೊಂಡಿದೆ ಎಂದು ತಿಳಿಯಬೇಕು. ಬೆಳೆಯುವ ವಯಸ್ಸಿನಲ್ಲಿ ಈ ಅಭ್ಯಾಸ ಮುಂದುವರಿಯಬಾರದೆಂಬುದೇ ನನ್ನ ಕಾಳಜಿ.

ಇದಕ್ಕೆ ಪೂರ್ತಿ ಕ್ಲಿಪ್ಪು ಬೇಕಾಗುವುದಿಲ್ಲ. ಒಂದೇ ಹಲ್ಲು ಒಳಗಿದ್ದು, ಅದು ಮುಂದೆ ಬರಲು ಜಾಗವೂ ಇದ್ದರೆ, ಸ್ಪ್ರಿಂಗು ಇರುವ, ತೆಗೆದು ಹಾಕಬಹುದಾದ ಪ್ಲೇಟು ಸಾಮಾನ್ಯವಾಗಿ ಕೆಲವೇ ತಿಂಗಳಲ್ಲಿ ಕೆಲಸ ಮುಗಿಸುತ್ತದೆ. ಕೆಲವರಿಗೆ ಮುಂದಿನ ನಾಲ್ಕು ಹಲ್ಲು ಮತ್ತು ಎರಡು ದವಡೆಹಲ್ಲುಗಳಿಗೆ ಮಾತ್ರ ತಂತಿ ಹಾಕುತ್ತೇವೆ. ಹಲ್ಲು ಒಮ್ಮೆ ಮುಂದೆ ಬಂದು ಕೆಳಹಲ್ಲಿನ ಮೇಲೆ ಸಾಕಷ್ಟು ಇಳಿದು ಕುಳಿತರೆ, ಕಚ್ಚುವ ಕ್ರಮವೇ ಅದನ್ನು ಅಲ್ಲಿ ಹಿಡಿದಿಡುತ್ತದೆ. ಪ್ಲೇಟು ಊಟ ಮತ್ತು ಹಲ್ಲುಜ್ಜುವ ಹೊತ್ತು ಬಿಟ್ಟರೆ ದಿನವಿಡೀ ಬಾಯಲ್ಲಿರಬೇಕು. ಮಂಡ್ಯದ ಮಕ್ಕಳಿಗೆ ಇನ್ನೊಂದು ಮಾತು: ಪ್ಲೇಟಾಗಲಿ ತಂತಿಯಾಗಲಿ ಇರುವಷ್ಟು ದಿನ ಕಬ್ಬನ್ನು ಹಲ್ಲಿನಿಂದ ಸಿಗಿಯಬಾರದು.

ನಿಮ್ಮೂರಿನಿಂದ ಸುಮಾರು 45 ಕಿಲೋಮೀಟರ್ ದೂರದ ಮೈಸೂರಿನಲ್ಲಿ ಜೆಎಸ್‌ಎಸ್ ಮತ್ತು ಫಾರೂಕಿಯಾ ದಂತ ಕಾಲೇಜುಗಳಿವೆ. ಮಕ್ಕಳ ದಂತ ವಿಭಾಗದಲ್ಲೋ ವಕ್ರದಂತ ವಿಭಾಗದಲ್ಲೋ ತೋರಿಸಬಹುದು. ದಸರಾ ರಜೆ ಬರಲಿ ಎಂದು ಕಾಯಬೇಡಿ.

ಮರುಪ್ರಶ್ನೆ (ಅದೇ ತಾಯಿ):
ಹಾಗಾದರೆ ಈಗ ಸರಿಮಾಡಿಸಿದರೆ ಮುಂದೆ ಕ್ಲಿಪ್ಪು ಬೇಕಾಗುವುದಿಲ್ಲವೇ?

ಉತ್ತರ:
ಆ ಭರವಸೆಯನ್ನು ನಾನು ಕೊಡಲಾರೆ. ಉಳಿದ ಹಲ್ಲುಗಳು ಬಂದ ಮೇಲೆ ಇಕ್ಕಟ್ಟಾದರೆ ಹನ್ನೆರಡು–ಹದಿಮೂರರಲ್ಲಿ ಮತ್ತೆ ಚಿಕಿತ್ಸೆ ಬೇಕಾಗಬಹುದು. ಈಗ ಮಾಡುವುದು ಆ ಒಂದು ಹಲ್ಲು, ಅದರ ಎದುರಿನ ಒಸಡು ಮತ್ತು ದವಡೆಯ ಚಲನೆಯನ್ನು ಉಳಿಸಿಕೊಳ್ಳಲು ಮಾತ್ರ.

ಪ್ರಶ್ನೆ (ಮೈಸೂರಿನ ಕುವೆಂಪುನಗರದಿಂದ ಒಬ್ಬ ತಂದೆ):
ಆರು ವರ್ಷದ ಮಗನ ಕೆಳಗಿನ ಕೊನೆಯ ಹಾಲು ದವಡೆಹಲ್ಲು ಹುಳುಕಾಗಿ ಕೀಳಿಸಬೇಕಾಯಿತು. ಆ ಜಾಗಕ್ಕೆ ತಂತಿಯ ಉಂಗುರ ಹಾಕಿಸಿ ಎನ್ನುತ್ತಾರೆ. ಹೇಗೂ ಬೀಳುವ ಹಲ್ಲಿಗೆ ಇದೆಲ್ಲ ಏಕೆ?

ಉತ್ತರ:
ಆ ಹಲ್ಲು ತಾನಾಗಿ ಬೀಳಬೇಕಾದದ್ದು 10–12ನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅದು ತನ್ನ ಕೆಳಗಿರುವ ಹಲ್ಲಿಗೆ ಜಾಗ ಕಾಯ್ದಿಡುತ್ತದೆ. ನಿಮ್ಮ ಮಗನಿಗೆ ಈಗ ಆ ಜಾಗದ ಹಿಂದೆಯೇ ಮೊದಲ ಶಾಶ್ವತ ದವಡೆಹಲ್ಲು ಬರುವ ಕಾಲ. ಮುಂದೆ ತಡೆಯಿಲ್ಲದಿದ್ದರೆ ಅದು ಖಾಲಿ ಜಾಗಕ್ಕೆ ವಾಲಿಕೊಂಡು ಬರುತ್ತದೆ, ಅದೂ ಹಲ್ಲು ಕಿತ್ತ ಮೊದಲ ಆರು ತಿಂಗಳಲ್ಲಿ ಹೆಚ್ಚು ವೇಗವಾಗಿ. ಹಾಗಾಗಿ ನಿಮ್ಮ ವೈದ್ಯರು ಹೇಳಿದ್ದು ಸರಿಯಾಗಿದೆ. ಶಾಶ್ವತ ದವಡೆಹಲ್ಲು ಇನ್ನೂ ಒಸಡಿನಿಂದ ಹೊರಬಂದಿಲ್ಲದಿದ್ದರೆ ಹಾಕುವ ಸಾಧನದ ಬಗೆ ಬೇರೆಯಾಗುತ್ತದೆ, ಅದನ್ನು ಅವರನ್ನೇ ಕೇಳಿ. ಹಾಕಿಸಿದ ಮೇಲೆ ಆರು ತಿಂಗಳಿಗೊಮ್ಮೆಯಾದರೂ ತೋರಿಸಿ; ಕೆಳಗಿನ ಹಲ್ಲು ಮೊಳೆಯುವಾಗ ಅದನ್ನು ತೆಗೆಯಬೇಕು.

ಪ್ರಶ್ನೆ (ಶ್ರೀರಂಗಪಟ್ಟಣದಿಂದ ಒಬ್ಬ ಅಜ್ಜಿ):
ಮೊಮ್ಮಗನಿಗೆ ಐದು ತುಂಬಿತು. ಬೇವಿನ ರಸ ಹಚ್ಚಿದರೂ ಬೆರಳು ಚೀಪುವುದು ಬಿಟ್ಟಿಲ್ಲ. ಹಲ್ಲು ಉಬ್ಬುತ್ತದೆಯೇ?

ಉತ್ತರ:
ಅಜ್ಜಿ, ಶಾಶ್ವತ ಹಲ್ಲು ಬರುವ ಮೊದಲು ಬಿಟ್ಟರೆ ಹಾಲುಹಲ್ಲಿನಲ್ಲಾದ ವ್ಯತ್ಯಾಸ ಬಹುಮಟ್ಟಿಗೆ ಸರಿಹೋಗುತ್ತದೆ. ಬೇವು, ಗದರಿಕೆ ಬೇಡ. ನಿದ್ದೆ ಬರುವಾಗ, ಟಿವಿ ನೋಡುವಾಗ, ಹೀಗೆ ಯಾವ ಹೊತ್ತಿನಲ್ಲಿ ಚೀಪುತ್ತಾನೆಂದು ಗಮನಿಸಿ, ಆ ಹೊತ್ತಿಗೆ ಕೈಗೆ ಬೇರೇನಾದರೂ ಕೊಡಿ. ಚೀಪದ ದಿನಕ್ಕೆ ಕ್ಯಾಲೆಂಡರಿನಲ್ಲಿ ಅವನಿಂದಲೇ ಗುರುತು ಹಾಕಿಸಿ. ಬಾಯಿ ತೆರೆದುಕೊಂಡು ಮಲಗುವುದು, ಗೊರಕೆ ಇದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೂ ತೋರಿಸಿ. ಆರೂವರೆಯಾದರೂ ನಿಲ್ಲದಿದ್ದರೆ ಕರೆದುಕೊಂಡು ಬನ್ನಿ.