ನಮ್ಮ ಮೈಸೂರಿನ ಡ್ಯೂನೈಟ್ ಶಿಲೆಯ ಮೇಲೆ ನಿಕ್ಕಲ್ ಅದಿರು ಏಕೆ ಬೆಳೆಯಲಿಲ್ಲ?

ಪ್ರಶ್ನೆ – ಮೈಸೂರಿನ ಪದವಿ ವಿದ್ಯಾರ್ಥಿನಿ

ಡ್ಯೂನೈಟ್, ಪೆರಿಡೊಟೈಟ್‌ನಂತಹ ಮ್ಯಾಗ್ನೀಸಿಯಂ ಹೆಚ್ಚಿರುವ ಶಿಲೆಗಳು ಶಿಥಿಲಗೊಂಡಾಗ ನಿಕ್ಕಲ್ ಅದಿರು ಉಂಟಾಗುತ್ತದೆ ಎಂದು ಓದಿದ್ದೇನೆ. ಮೈಸೂರಿನ ಬಳಿಯ ಸಿಂಧುವಳ್ಳಿ, ದೊಡ್ಡಕಾನ್ಯದ ಕಡೆ ಇದೇ ಜಾತಿಯ ಶಿಲೆಗಳಿದ್ದು, ಕ್ರೋಮೈಟ್ (ಕ್ರೋಮಿಯಂ ಅದಿರು) ಮತ್ತು ಮ್ಯಾಗ್ನೆಸೈಟ್ (ಮ್ಯಾಗ್ನೀಸಿಯಂ ಕಾರ್ಬೊನೇಟ್) ತೆಗೆದದ್ದೂ ಉಂಟು. ಹಾಗಿದ್ದೂ ಅಲ್ಲಿ ನಿಕ್ಕಲ್ ಗಣಿ ಏಕಿಲ್ಲ? ಶಿಥಿಲಗೊಳ್ಳುವಾಗ ನಿಕ್ಕಲ್ ಹೊರಗಿನಿಂದ ಬಂದು ಸೇರುತ್ತದೆಯೇ?

ಉತ್ತರ – ನಿವೃತ್ತ ಭೂವಿಜ್ಞಾನ ಅಧ್ಯಾಪಕ

ಹೊರಗಿನಿಂದ ಏನೂ ಬರುವುದಿಲ್ಲ. ಉಳಿದದ್ದೆಲ್ಲ ತೊಳೆದುಹೋಗುವುದರಿಂದಲೇ ನಿಕ್ಕಲ್ ಸಾಂದ್ರವಾಗುತ್ತದೆ. ಡ್ಯೂನೈಟ್‌ನ ಮುಖ್ಯ ಖನಿಜವಾದ ಆಲಿವಿನ್‌ನೊಳಗೆ ಮ್ಯಾಗ್ನೀಸಿಯಂನ ಜಾಗದಲ್ಲಿ ಅಲ್ಲಲ್ಲಿ ನಿಕ್ಕಲ್ ಕುಳಿತಿರುತ್ತದೆ, ಇಡೀ ಶಿಲೆಯಲ್ಲಿ ಅದರ ಪ್ರಮಾಣ ಶೇ. 0.2ರಿಂದ 0.3ರಷ್ಟು. ಇಂಗಾಲದ ಡೈಆಕ್ಸೈಡ್ ಕರಗಿದ ಮಳೆನೀರು ಆಲಿವಿನ್ ಅನ್ನು ಕರಗಿಸಿದಾಗ ಮ್ಯಾಗ್ನೀಸಿಯಂ ಮೊದಲು, ಸಿಲಿಕ ನಂತರ ನೀರಿನೊಡನೆ ಹೊರಟುಹೋಗುತ್ತವೆ. ಇವೆರಡರ ಆಕ್ಸೈಡುಗಳೇ ಶಿಲೆಯ ಶೇ. 80ಕ್ಕೂ ಹೆಚ್ಚು ಭಾಗವಾಗಿರುವುದರಿಂದ, ತುಕ್ಕಾಗಿ ಉಳಿಯುವ ಕಬ್ಬಿಣದ ಗೋಥೈಟ್ ಪದರದಲ್ಲಿ ನಿಕ್ಕಲ್ ಶೇ. 1ರ ಆಸುಪಾಸಿಗೆ ಏರುವುದು ಸಹಜ.

ಆದರೆ ಉತ್ಕೃಷ್ಟ ಅದಿರು ಅದರ ಕೆಳಗಿದೆ. ಮೇಲಿನ ಪದರದಿಂದ ಬಿಡುಗಡೆಯಾದ ನಿಕ್ಕಲ್ ನೀರಿನೊಡನೆ ಇಳಿದು, ಅರೆಕೊಳೆತ ಶಿಲೆಯಲ್ಲಿ ಆಮ್ಲೀಯತೆ ತಗ್ಗಿದಾಗ ಮ್ಯಾಗ್ನೀಸಿಯಂ ಸಿಲಿಕೇಟುಗಳಲ್ಲಿ ನೆಲೆಸಿ, ಶೇ. 1.5ರಿಂದ 3ರವರೆಗೂ ಸೇರಿಕೊಳ್ಳುತ್ತದೆ. ಫ್ರೆಂಚ್ ಎಂಜಿನಿಯರ್ ಜೂಲ್ಸ್ ಗಾರ್ನಿಯೇ 1864ರಲ್ಲಿ ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಗುರುತಿಸಿದ ಹಸಿರು ಅದಿರು ಇಂಥದ್ದೇ.

ಮರುಪ್ರಶ್ನೆ – ಮಂಡ್ಯದ ಓದುಗ

ಗುರುಗಳೇ, ಒಡಿಶಾದ ಸುಕಿಂದಾದಲ್ಲಿ ಕ್ರೋಮೈಟ್ ಗಣಿಗಳ ಮೇಲುಮಣ್ಣಿನಲ್ಲಿಯೇ ನಿಕ್ಕಲ್ ಇದೆಯಲ್ಲವೇ? ಶಿಲೆ ಒಂದೇ ಬಗೆಯದಾದರೆ ವ್ಯತ್ಯಾಸ ನೀರಿನದೆಂದು ತಿಳಿಯಬಹುದೇ?

ಉತ್ತರ – ನಿವೃತ್ತ ಭೂವಿಜ್ಞಾನ ಅಧ್ಯಾಪಕ

ಬಹುಪಾಲು ಹೌದು. ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ ಬೀಳುವ, ದೀರ್ಘ ಬೇಸಿಗೆಯ ಮೈಸೂರಿನಂತಹ ಕಡೆ ಕರಗಿದ ಮ್ಯಾಗ್ನೀಸಿಯಂ ದೂರ ಹೋಗದೆ ಹತ್ತಿರದಲ್ಲೇ ಕಾರ್ಬೊನೇಟ್ ಆಗಿ ಉಳಿಯಬಲ್ಲದು; ಬುಡದಲ್ಲಿ ಕಿಂಡಿಯಿಲ್ಲದ ಕುಂಡದಲ್ಲಿ ಉಪ್ಪು ಕೂಡಿಕೊಳ್ಳುವಂತೆ ಎನ್ನಬಹುದು. ನಿಕ್ಕಲ್ ಗಣಿಗಳಿರುವ ಇಂಡೋನೇಷ್ಯಾದ ಸುಲಾವೆಸಿ ದ್ವೀಪದಲ್ಲಾದರೋ ಮಳೆ ಬಿಡದೆ ತೊಳೆಯುತ್ತದೆ. ಆದರೂ ಮಳೆಯೊಂದೇ ಸಾಲದು: ನೀರು ಇಳಿಯಲು ಬಿರುಕುಗಳು ಬೇಕು, ಕೊಚ್ಚಿಹೋಗದಷ್ಟು ಸೌಮ್ಯವಾದ ಇಳಿಜಾರು ಬೇಕು, ಲಕ್ಷಾಂತರ ವರ್ಷಗಳ ಅವಕಾಶ ಬೇಕು. ಕಡಿದಾದ ಗುಡ್ಡದಲ್ಲಿ ಕೊಳೆತ ಪದರವು ದಪ್ಪವಾಗುವ ಮೊದಲೇ ಕೊಚ್ಚಿಹೋಗುತ್ತದೆ.

ಮರುಪ್ರಶ್ನೆ – ಮೈಸೂರಿನ ಪದವಿ ವಿದ್ಯಾರ್ಥಿನಿ

ಧನ್ಯವಾದಗಳು, ಸರ್. ಹಾಗಾದರೆ ಕ್ಷೇತ್ರಕಾರ್ಯದಲ್ಲಿ ನಾನು ಮೊದಲು ಏನನ್ನು ನೋಡಬೇಕು?

ಉತ್ತರ – ನಿವೃತ್ತ ಭೂವಿಜ್ಞಾನ ಅಧ್ಯಾಪಕ

ರಸ್ತೆಗಾಗಿ ಕಡಿದ ದಂಡೆ ಅಥವಾ ಬಾವಿಯ ಗೋಡೆಯಲ್ಲಿ, ಕೆಂಪು ಮಣ್ಣಿನಿಂದ ಗಟ್ಟಿ ಶಿಲೆಯವರೆಗಿನ ಪದರಗಳ ದಪ್ಪವನ್ನು ಅಳೆಯಿರಿ. ಪ್ರತಿ ಪದರದ ಮಾದರಿಯನ್ನೂ ಬೇರೆ ಚೀಲದಲ್ಲಿ ತನ್ನಿ. ಎಲ್ಲವನ್ನೂ ಬೆರೆಸಿದರೆ ನಿಕ್ಕಲ್ ಎಲ್ಲಿ ನಿಂತಿದೆ ಎಂಬುದು ತಿಳಿಯುವುದಿಲ್ಲ.